ಒಂದೇ ಕಟ್ಟಿನ ಟೀ ಶರ್ಟುಗಳು

ಜೂನ್ ೩, ಬೆಳಿಗ್ಗೆ ಏಳು

ಮತ್ತೊಂದು ಹೋಯಿತು. ಕತ್ತಿನ ಪಟ್ಟಿ ಬಾಡಿದ ಸೊಪ್ಪಿನಂತೆ ಜೋತಿದೆ. ಹೊಟ್ಟೆಯ ಹತ್ತಿರ ಸಾಲಾಗಿ ತೂತು, ಸಾಸಿವೆ ಉದುರುವಷ್ಟು. ಕೆಲಸದ ಬೆಂಚಿನ ಅಂಚು ಉಜ್ಜುವ ಜಾಗ. ಕನ್ನಡಿಯಲ್ಲಿ ನೋಡಿಕೊಂಡೆ. ಬೆದರುಬೊಂಬೆಗೂ ಜನ ಇದಕ್ಕಿಂತ ಮರ್ಯಾದೆಯ ಬಟ್ಟೆ ತೊಡಿಸುತ್ತಾರೆ.

ಇವಳಿಗೆ ತೋರಿಸಿದೆ. ಹಲ್ಲುಜ್ಜುತ್ತಿದ್ದಳು. ಬಾಯಲ್ಲಿ ನೊರೆ ಇಟ್ಟುಕೊಂಡೇ ಹೇಳಿದಳು:

"ಹಾಕ್ಕೊಂಡಿರೋರೇ ಹಳೇದಾಗಿದ್ದಾರೆ. ಶರ್ಟನ್ನ ಯಾಕೆ ಬೈತೀರಿ?"

ತಮಾಷೆಯಂತೆ. ನಗಲಿಲ್ಲ.

ಕೆಳಗೆ ತಮ್ಮ ಆಗಲೇ ನಮ್ಮ ಮೋಟಾರ್ ರಿಪೇರಿ ವರ್ಕ್‌ಶಾಪಿನ ಷಟರ್ ಎತ್ತಿದ್ದಾನೆ. ಅವನ ಮಗ ವಾರ್ನಿಷ್ ಒಣಗಿಸುವ ಬಿಸಿ ಪೆಟ್ಟಿಗೆಯಿಂದ ಪಂಪ್ ಹೊರಗೆ ತೆಗೆದಿರಬೇಕು, ಅದರ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ. ಹೋಗಬೇಕು. ಈ ಚಿಂದಿಯಲ್ಲೇ.

ಮಧ್ಯಾಹ್ನ

ಊಟವಾದ ಮೇಲೆ ಮೆಟ್ಟಿಲ ಕೆಳಗಿನ ಕಪಾಟು ತೆರೆದೆ. ನಾನು, ತಮ್ಮ, ತಮ್ಮನ ಮಗ — ಮೂವರೂ ಕೆಲಸಕ್ಕೆ ತೊಡುವ ಟೀ ಶರ್ಟುಗಳು ಅಲ್ಲೇ, ಒಂದೇ ಅಟ್ಟಿಯಲ್ಲಿ. ಎಲ್ಲವೂ ಬೂದು ಬಣ್ಣ, ಎಲ್ಲವೂ ಒಂದೇ ಸೈಜು. ನನಗೆ ಸಡಿಲ, ತಮ್ಮನಿಗೆ ಸರಿ, ಅವನ ಮಗನಿಗೆ ಬಿಗಿ. ಅಪ್ಪನ ಕಾಲದ ಕಟ್ಟಳೆ: ಮೇಲಿರುವುದನ್ನು ಎತ್ತಿಕೋ, ತೊಡು, ಕೆಲಸಕ್ಕೆ ನಡೆ. ಆರಿಸುತ್ತ ನಿಂತರೆ ಅಪ್ಪನ ಸ್ಕ್ರೂಡ್ರೈವರ್ ಬೆನ್ನಿಗೆ ತಿವಿಯುತ್ತಿತ್ತು. ಒಳ್ಳೆಯ ಕಟ್ಟಳೆ. ಉಳಿದವರು ಕನ್ನಡಿ ಮುಂದೆ ಮೈ ತಿರುಗಿಸುವ ಹೊತ್ತಿಗೆ ನಾವು ಒಂದು ಸುಟ್ಟ ಫ್ಯಾನಿನ ತಾಮ್ರ ಬಿಚ್ಚಿ ಮುಗಿಸಿರುತ್ತೇವೆ.

ಇವತ್ತು ಅಟ್ಟಿಯನ್ನು ಪೂರ್ತಿ ಹೊರಗೆಳೆದೆ. ಮೇಲಿನವೆಲ್ಲ ಚಿಂದಿ. ಪಕ್ಕದ ಹೊಲಿಗೆ ತಿರುಚಿಕೊಂಡು ಹೊಕ್ಕುಳಿನವರೆಗೆ ಬಂದಿದೆ. ಕಂಕುಳಲ್ಲಿ ಗಾಳಿ ಆಡುತ್ತದೆ. ಕೆಳಗಿನವು? ಕಬ್ಬಿಣ! ಕತ್ತಿನ ಪಟ್ಟಿ ಎಳೆದು ಬಿಟ್ಟರೆ ಪಟ್ಟನೆ ವಾಪಸ್. ಬಣ್ಣ ಹಾಗೇ. ಒಂದು ತೂತಿಲ್ಲ.

ಎಲ್ಲವೂ ಒಂದೇ ದಿನ ತಂದವು. ಒಂದೇ ಅಂಗಡಿ. ಒಂದೇ ಕಟ್ಟು.

ಆಮೇಲೆ ಹೊಳೆಯಿತು. ಅಂಗಡಿಯವನು ಬೆರೆಸಿದ್ದಾನೆ. ನಾಲ್ಕು ಒಳ್ಳೆಯದರ ಜೊತೆ ನಾಲ್ಕು ಕಳಪೆ ತುರುಕಿ ಕಟ್ಟು ಕಟ್ಟಿದ್ದಾನೆ.

ಬನಿಯನ್! ಹೆಸರು ಹಿಡಿದು ಅವನನ್ನು ಯಾರೂ ಕರೆಯುವುದಿಲ್ಲ. ಬನಿಯನ್ ಅಂಗಡಿಯವನು, ಹಾಗಾಗಿ ಬನಿಯನ್. ನಾನು ಮೋಟಾರಿಗೆ ತಾಮ್ರದ ಕಾಯಿಲ್ ಸುತ್ತುವವನು, ಹಾಗಾಗಿ ನನ್ನನ್ನು ಅವನು ಕಾಯಿಲ್ ಎನ್ನುತ್ತಾನೆ. ಮೀಸೆ ಚಿಗುರುವ ಮೊದಲಿನ ಸ್ನೇಹ. ದಿನಾ ಸಂಜೆ ಟೀಗೆ ನಮ್ಮ ವರ್ಕ್‌ಶಾಪಿಗೆ ಬರುತ್ತಾನೆ, ಬೋರಲು ಹಾಕಿದ ಹಳೆಯ ಮೋಟಾರಿನ ಮೇಲೆ ಕೂತು ನನ್ನ ಕೆಲಸಕ್ಕೆ ಹೆಸರಿಡುತ್ತಾನೆ. ನನಗೇ ಟೋಪಿ ಹಾಕಿದ.

ಜೂನ್ ೪, ರಾತ್ರಿ ಊಟಕ್ಕೆ ಮೊದಲು

ಬಿಡಲಿಲ್ಲ. ಚಿಂದಿ ಒಂದು, ಗಟ್ಟಿ ಒಂದು — ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ.

ಬನಿಯನ್ ಎದುರಿಗೆ ದೊಡ್ಡ ಹೋಟೆಲಿನ ಮ್ಯಾನೇಜರ್ ಕೂತಿದ್ದ. ಸಪ್ಲೈಯರುಗಳು, ಅಡುಗೆಯವರು, ಪಾತ್ರೆ ತೊಳೆಯುವವರು, ಎಲ್ಲರಿಗೂ ಟೀ ಶರ್ಟು, ಪ್ರತಿ ವರ್ಷ. ಈ ಆರ್ಡರಿಗೆ ಬನಿಯನ್ ಎಷ್ಟೋ ದಿನದಿಂದ ಅಲೆಯುತ್ತಿದ್ದ. "ಇದೊಂದು ಕುದುರಿದ್ರೆ ಅಂಗಡಿ ಉಳೀತು ಕಾಯಿಲ್" ಎಂದು ಹೋದ ವಾರವೂ ಟೀ ಕುಡಿಯುತ್ತ ಹೇಳಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ ಎನ್ನಲಾರೆ, ಗೊತ್ತಿದ್ದೂ ನಿಲ್ಲಲಿಲ್ಲ.

"ಬಾ ಕಾಯಿಲ್, ಕೂತ್ಕೋ. ಎರಡು ನಿಮಿಷ. ದೊಡ್ಡ ಗಿರಾಕಿ ಇದ್ದಾರೆ."

"ಇರಲಿ, ದೊಡ್ಡ ಗಿರಾಕಿಗೂ ಗೊತ್ತಾಗಲಿ."

ಎರಡನ್ನೂ ಗಲ್ಲೆಯ ಮೇಲೆ ಎಸೆದೆ.

"ಇದೂ ನಿನ್ನದೇ, ಇದೂ ನಿನ್ನದೇ. ಒಂದೇ ಕಟ್ಟು. ಇದರಲ್ಲಿ ನೆಲ ಒರೆಸಿದ್ರೆ ನೆಲಕ್ಕೇ ನಾಚಿಕೆ ಆಗುತ್ತೆ. ಇದನ್ನ ಹಾಕ್ಕೊಂಡು ಮದುವೆಗೆ ಹೋಗಬಹುದು. ಹೇಗಪ್ಪಾ ಇದು?"

ಮ್ಯಾನೇಜರ್ ಕನ್ನಡಕ ಮೇಲೇರಿಸಿದ. ಬನಿಯನ್‌ನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದ:

"ಬೆರಕೆ ಮಾಡ್ತಾರಾ ಇಲ್ಲಿ?"

"ಹಾಲಿಗೆ ನೀರು ಬೆರೆಸೋರನ್ನ ನೋಡಿದ್ದೆ ಸಾರ್. ಬಟ್ಟೆಗೆ ಬಟ್ಟೆ ಬೆರೆಸೋನನ್ನ ಇವತ್ತೇ ನೋಡ್ತಿರೋದು."

ಚೆನ್ನಾಗಿ ಬಂತು ಮಾತು. ಪಕ್ಕದಲ್ಲಿ ಕಾಲುಚೀಲ ಆರಿಸುತ್ತಿದ್ದವನೂ ನಕ್ಕ.

ಬನಿಯನ್ ನಗಲಿಲ್ಲ, ರೇಗಲಿಲ್ಲ. ಗಟ್ಟಿ ಶರ್ಟನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ಮಡಿಕೆಯ ಗೆರೆ ಸವರಿದ. ಕಂಕುಳ ಹೊಲಿಗೆ ಮುಟ್ಟಿದ. ಆಮೇಲೆ ಕೇಳಿದ:

"ಇದನ್ನ ಯಾರು ಹಾಕ್ಕೋತಾರೆ?"

"ನಾವೇ. ಇಲ್ಲ ನಿಮ್ಮ ಮಾವ ಬಂದು ಹಾಕ್ಕೊಂಡು ಹೋಗ್ತಾರಾ?"

ನನ್ನ ಮುಖ ನೋಡಿದ. ಮ್ಯಾನೇಜರ್ ಮುಖ ನೋಡಿದ. ಶರ್ಟನ್ನು ಇದ್ದ ಗೆರೆಯ ಮೇಲೇ ಮಡಿಸಿ ನನ್ನ ಚೀಲಕ್ಕೆ ಹಾಕಿದ.

"ಸರಿ. ತಗೊಂಡು ಹೋಗು."

ಅಷ್ಟೇ! ಕಳ್ಳ ಸಿಕ್ಕಿಬಿದ್ದಾಗ ಬಾಯಿ ಹೀಗೇ ಕಟ್ಟುತ್ತದೆ. "ಯೋಚನೆ ಮಾಡಿ ಹೇಳ್ತೀನಿ" ಎಂದು ಮ್ಯಾನೇಜರ್ ಎದ್ದು ಹೋದ.

ಊಟ ರುಚಿಸಬೇಕು ಇವತ್ತು.

ಜೂನ್ ೬

ಬನಿಯನ್ ಇಲ್ಲದಿದ್ದರೆ ಲೋಕದಲ್ಲಿ ಟೀ ಶರ್ಟೇ ಇಲ್ಲವೇ? ಗಾಜಿನ ಅಂಗಡಿಗೆ ಹೋದೆ. ಒಳಗೆ ಎಸಿ, ತಲೆ ಮೇಲೆ ಹಾಡು, ಹಾಡಲ್ಲ, ಲೇತ್ ಮೆಷಿನ್ನಿಗೆ ಎಣ್ಣೆ ಬಿಡದಾಗ ಬರುವ ಸದ್ದು. ಒಬ್ಬ ಬಂದು ನಿಂತ.

"ಅಂಕಲ್, ಸ್ಲಿಮ್ ಫಿಟ್ಟಾ, ಓವರ್‌ಸೈಜಾ?"

"ಹಾಕ್ಕೊಳ್ಳೋದು."

"ಹಾಂ?"

"ಹಾಕ್ಕೊಂಡು ಕೆಲಸ ಮಾಡೋದು. ಅಂಥದ್ದು ಇದೆಯಾ?"

ಅವನಿಗೆ ಪಾಪ, ಅಂಥ ವಿಭಾಗ ಇರಲಿಲ್ಲ. ಒಂದು ತಂದು ಕೊಟ್ಟ. ಕೈ ಒಳಗೆ ತೂರಿಸಿ ಬೆಳಕಿಗೆ ಹಿಡಿದೆ. ಬಟ್ಟೆಯ ಆಚೆ ನನ್ನ ಗಡಿಯಾರ ಕಂಡಿತು. ಗಡಿಯಾರ ಮಾತ್ರವಲ್ಲ, ಮುಳ್ಳು ಕಂಡಿತು. "ಗಂಟೆ ಹನ್ನೊಂದಾಯ್ತಪ್ಪ" ಎಂದು ಹೇಳಿ ವಾಪಸ್ ಕೊಟ್ಟೆ. ಬೆಲೆಚೀಟಿ ನೋಡಿದರೆ ಸನ್ಮಾನಕ್ಕೆ ಹೊದಿಸುವ ಜರಿ ಶಾಲಿನ ಬೆಲೆ. ಎದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದಾರೆ, ಅದಕ್ಕೇ ಇಷ್ಟಂತೆ. ಅವರ ಜಾಹೀರಾತು ನನ್ನ ಎದೆಯ ಮೇಲೆ, ಕಾಸು ನನ್ನ ಜೇಬಿನಿಂದ. ಇಂಥ ಬುದ್ಧಿವಂತಿಕೆಯನ್ನು ಎಷ್ಟು ಹೊಗಳಿದರೂ ಸಾಲದು.

ಜೂನ್ ೧೦

ತಮ್ಮನ ಮಗ ಫೋನಿನಲ್ಲಿ ತರಿಸಿದ. 'ಪ್ರೀಮಿಯಂ, ಹೆವಿ, ಲೈಫ್‌ಟೈಮ್.' ಪೆಟ್ಟಿಗೆ ಬಿಚ್ಚಿದಾಗ ಚೆನ್ನಾಗಿಯೇ ಇತ್ತು. ಒಂದು ಒಗೆತ ಆಯಿತು. ಇವತ್ತು ತೊಟ್ಟು ಬಂದ. ಕೈ ಮೇಲೆತ್ತಿ ಸ್ವಿಚ್ ಹಾಕಿದ. ವರ್ಕ್‌ಶಾಪಿಗೆಲ್ಲ ಹೊಕ್ಕುಳ ದರ್ಶನ.

"ವಾಪಸ್ ಕಳಿಸು."

"ಒಗೆದಿದ್ದನ್ನ ತಗೊಳ್ಳಲ್ಲ ದೊಡ್ಡಪ್ಪ."

"ಒಗೆಯದೆ ಗೊತ್ತಾಗೋದು ಹೇಗೋ?"

"ರಿವ್ಯೂ ನೋಡಬೇಕು. ಎಲ್ಲರೂ ಫೈವ್ ಸ್ಟಾರ್ ಕೊಟ್ಟಿದ್ರು."

"ಕೊಟ್ಟೋರು ಒಗೆದಿದ್ರಾ?"

ಲೈಫ್‌ಟೈಮ್ ಎಂದರೆ ಯಾರ ಲೈಫು ಎಂದು ಕೇಳಬೇಕಿತ್ತು. ನೊಣದ್ದಿರಬೇಕು.

ಸಂಜೆ ಟೀ ಬಂತು. ಬೋರಲು ಮೋಟಾರು ಖಾಲಿ. ಅದರ ಮೇಲೆ ಯಾರೂ ಕೂರುವುದಿಲ್ಲ, ಮೈಮೇಲಿನ ಒರಟು ಏಣುಗಳು ಚುಚ್ಚುತ್ತವೆ. ಅವನೊಬ್ಬನಿಗೆ ಅದು ಹೇಗೆ ಹಿಡಿಸಿತ್ತೋ.

ಜೂನ್ ೧೩

ಯಾವ ಅಂಗಡಿಯನ್ನೂ ನಂಬುವ ಹಾಗಿಲ್ಲ. ಸರಿ, ಇರುವುದನ್ನೇ ಬಾಳಿಸೋಣ. ಫೋನಿನಲ್ಲಿ ನೋಡಿದೆ, ಅವರಿವರನ್ನು ಕೇಳಿದೆ. ಒಗೆಯುವುದರಲ್ಲೇ ಇದೆ ಎಲ್ಲ. ಬಿಸಿನೀರು ಹಾಕಬಾರದು. ಒಳಮೈ ಹೊರಗೆ ಮಾಡಿ ನೆನೆಸಬೇಕು. ಜಿಪ್ ಇರುವ ಪ್ಯಾಂಟಿನ ಜೊತೆ ಮೆಷಿನ್ನಿಗೆ ಹಾಕಿದರೆ ಜಿಪ್ಪು ಹಲ್ಲಿನ ಹಾಗೆ ಕಚ್ಚುತ್ತದೆ. ಪುಡಿ ಜಾಸ್ತಿ ಸುರಿದರೆ ನೂಲು ಸಾಯುತ್ತದೆ.

ಇದನ್ನೆಲ್ಲ ಇವಳಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ಬಕೆಟ್ ತಂದು ನನ್ನ ಮುಂದೆ ಇಟ್ಟಳು.

"ಇಷ್ಟೊಂದು ವಿದ್ಯೆ ನನ್ನ ಹತ್ರ ಇಲ್ಲಪ್ಪ. ಇನ್ಮೇಲೆ ನೀವೇ ಒಗೀರಿ."

"ಒಗೀತೀನಿ. ಅದೇನು ಮಹಾ."

"ಮಡಿಸಿ ಇಡೋದೂ ನೀವೇ."

ಹೆದರಿಸುತ್ತಾಳೆ, ನನ್ನನ್ನು.

ಜೂನ್ ೧೬

ಸೊಂಟ ಹಿಡಿದಿದೆ. ಯಾರಿಗೂ ಹೇಳಿಲ್ಲ.

ಜೂನ್ ೨೨

ತಮ್ಮ ಕಾಯಿಲ್ ಸುತ್ತುತ್ತ ಸುದ್ದಿ ಹೇಳಿದ. ಸುತ್ತುವಾಗ ಅವನು ತಲೆ ಎತ್ತುವುದಿಲ್ಲ, ಸುತ್ತು ತಪ್ಪುತ್ತದೆ. ಇವತ್ತು ಬೇಕೆಂದೇ ಎತ್ತಲಿಲ್ಲ ಎನಿಸಿತು.

"ಬನಿಯನ್ ಅಣ್ಣ ಅಂಗಡಿ ಮಧ್ಯ ಪ್ಲೈವುಡ್ ಹೊಡೆಸ್ತಿದ್ದಾನೆ. ಅರ್ಧ ಬೇರೆಯವರಿಗೆ. ಮೊಬೈಲ್ ಕವರ್ ಅಂಗಡಿ ಬರುತ್ತಂತೆ."

"ಬರಲಿ. ಅದನ್ನಾದ್ರೂ ಬೆರಕೆ ಇಲ್ಲದೆ ಮಾರಲಿ."

"ಹೋಟೆಲ್ ಆರ್ಡರ್ ಬೇರೆ ಕಡೆ ಹೋಯ್ತಂತೆ."

"ಬೆರೆಸಿದ್ದು ನಾನಾ?"

"ಒಂದ್ಸಲ ಹೋಗಿ ಮಾತಾಡು ಅಣ್ಣ. ಅವನು ಅಂಥೋನಲ್ಲ."

"ಅಂಥೋನಲ್ಲ ಅಂತ ಗೊತ್ತಿದ್ದೋನೇ ಅಂಥದ್ದು ಮಾಡಿದಾಗ ಉರಿಯೋದು. ನೀನು ಸುತ್ತು."

ಸುತ್ತಿದ. ಅರ್ಧ ಅಂಗಡಿಯಲ್ಲಿ ಬನಿಯನ್ ಹೇಗೆ ನಿಲ್ಲುತ್ತಾನೆ, ಹೊಟ್ಟೆಗೇ ಜಾಗ ಸಾಲದು.

ಅವನ ಕರ್ಮ. ನನಗೇನು.

ಜೂನ್ ೨೮, ಬೆಳಿಗ್ಗೆ

ಒಂದು ಶರ್ಟಿನ ಎಡ ತೋಳಿನ ಮೇಲೆ ಕಾದ ಬೆಸುಗೆ ಬಿದ್ದು ಆದ ಗುರುತು, ಪುಟ್ಟ ಆಮೆಯ ಹಾಗೆ. ಒಗೆಯುವಾಗ ನೋಡಿದೆ. ಇದೇ ಆಮೆಯನ್ನು ಮೊನ್ನೆಯೂ ಒಗೆದೆ. ಅದಕ್ಕೆ ಮೊದಲೂ ಒಗೆದೆ.

ಒಣಗಿದ್ದನ್ನು ಮಡಿಸಿ ಕಪಾಟಿಗೆ ತಂದೆ. ಅಟ್ಟಿಯ ಮೇಲಿಟ್ಟೆ. ಇಟ್ಟವನು ಹಾಗೇ ನಿಂತೆ.

ಮೇಲಿಟ್ಟೆ.

ನಾಳೆ ಬೆಳಿಗ್ಗೆ ಕೈ ಹಾಕಿದಾಗ ಮೇಲಿರುವುದು ಆಮೆ. ತೊಟ್ಟರೆ ಕೊಳೆ. ಒಗೆದರೆ ಮತ್ತೆ ಮೇಲಕ್ಕೆ. ಮತ್ತೆ ಆಮೆ. ಮೂವರ ಕೈಯೂ ಕೆಳಗಿನದಕ್ಕೆ ಹೋಗುವುದೇ ಇಲ್ಲ.

ಎಲ್ಲ ಎಳೆದು ನೆಲಕ್ಕೆ ಹಾಕಿದೆ. ಕೆಳಗಿನದನ್ನು ಬಿಡಿಸಿದೆ. ಮಡಿಕೆಯ ಗೆರೆ ಬಿಡುವುದಿಲ್ಲ, ಗೆರೆಯ ಮೇಲೆ ಧೂಳು. ಒಳಗೆ ಎದೆಯ ಹತ್ತಿರ ಸೈಜಿನ ಸ್ಟಿಕ್ಕರ್ ಹಾಗೇ ಅಂಟಿದೆ. ಇನ್ನೊಂದರಲ್ಲೂ ಇದೆ. ಇನ್ನೊಂದರಲ್ಲೂ.

ತಮ್ಮನನ್ನು ಕರೆದೆ.

"ಇದನ್ನ ಯಾವತ್ತಾದ್ರೂ ಹಾಕಿದ್ದೀಯಾ?"

"ನಾನು ಮೇಲಿಂದ ತಗೋತೀನಿ. ನೀನೂ ಅಪ್ಪನೂ ಹಾಗೇ ಹೇಳಿದ್ದಲ್ವಾ?"

"ಕೆಳಗಿಂದು ಯಾರು ಹಾಕ್ತಿದ್ದಾರೆ ಅಂದ್ಕೊಂಡಿದ್ದೆ?"

"ನೀನು."

ಅವನ ಮಗನನ್ನು ಕೇಳಿದೆ.

"ಮೇಲಿಂದು, ದೊಡ್ಡಪ್ಪ. ಕೆಳಗಿಂದು ಅಪ್ಪ ಹಾಕ್ತಾರೇನೋ ಅಂತ..."

ನಾನು? ನಾನು ಇವರಿಬ್ಬರೂ ಹಾಕುತ್ತಾರೆ ಎಂದುಕೊಂಡಿದ್ದೆ. ಮೂವರು ಗಂಡಸರು, ಒಂದು ಕಪಾಟು, ಮೂರು ತಲೆ. ಮೂರನ್ನೂ ಕರಗಿಸಿದರೆ ಒಂದು ಒಳ್ಳೆಯ ತಲೆ ಆಗುವುದು ಅನುಮಾನ. ಒಂದೇ ನಾಲ್ಕು ಶರ್ಟನ್ನು ವರ್ಷಗಟ್ಟಲೆ ತೊಟ್ಟು, ಬೆಂಚಿಗೆ ಉಜ್ಜಿ, ವಾರ್ನಿಷ್ ಕುಡಿಸಿ, ಬೆಸುಗೆ ಸುರಿದು, ನಿತ್ಯ ಒಗೆದು — ಅದು ಹರಿಯಿತೆಂದು ಅಂಗಡಿಯವನ ಮರ್ಯಾದೆ ಹರಿದೆ. ಇಷ್ಟು ತಾಳಿದ್ದೇ ಹೆಚ್ಚು. ಎಮ್ಮೆಯ ಚರ್ಮವೂ ಇಷ್ಟು ತಾಳುತ್ತಿರಲಿಲ್ಲ.

ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ನನಗೇನು ಗೊತ್ತು. ತಂದು ಕೊಡ್ತೀರಿ, ಒಗೀತೀನಿ, ಇಡ್ತೀನಿ. ಎಲ್ಲಾ ಬೂದು."

ಅಷ್ಟು ಹೇಳಿ ಒಳಗೆ ಹೋದಳು. ಭುಜ ಅಲುಗುತ್ತಿತ್ತು. ನಗಲಿ.

ಜೂನ್ ೨೯

ಇವತ್ತು ಒಂದು ಫ್ಯಾನನ್ನು ತಲೆಕೆಳಗಾಗಿ ಜೋಡಿಸಿದೆ. ಗಾಳಿ ಛಾವಣಿಗೆ ಹೋಗುತ್ತಿತ್ತು. ತಮ್ಮ ಬಿಚ್ಚಿ ಸರಿಮಾಡಿದ.

ಅವನ ಹೆಬ್ಬೆರಳು ಕಣ್ಣ ಮುಂದೆ ಬರುತ್ತಿದೆ. ಬನಿಯನ್‌ನದು. ಮಡಿಕೆಯ ಗೆರೆಯ ಮೇಲೆ.

ಬಟ್ಟೆಯಲ್ಲೇ ಹುಟ್ಟಿ ಬೆಳೆದವನು. ನೀರು ಕಾಣದ ಬಟ್ಟೆ ಅವನಿಗೆ ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. "ಇದನ್ನ ಯಾರು ಹಾಕ್ಕೋತಾರೆ?" ಎಂದು ಕೇಳಿದ. ಒಂದು ದಾರಿ ಕೊಟ್ಟ ನನಗೆ. ನಾನು ಅವನ ಮಾವನನ್ನು ಎಳೆದು ತಂದೆ.

ಒಂದು ಮಾತು ಸಾಕಿತ್ತು. "ಇದನ್ನ ಒಂದು ದಿನಾನೂ ತೊಟ್ಟಿಲ್ಲ ಸಾರ್, ಈ ಪೆದ್ದನಿಗೆ ಗೊತ್ತಿಲ್ಲ, ಒಳಗೆ ಸ್ಟಿಕ್ಕರ್ ಇರಬಹುದು ನೋಡಿ." ಮ್ಯಾನೇಜರ್ ನಗುತ್ತಿದ್ದ, ಕಾಲುಚೀಲದವನು ನಗುತ್ತಿದ್ದ, ಆರ್ಡರ್ ಅಲ್ಲೇ ಕೈಗೆ ಬರುತ್ತಿತ್ತು. ನಾನು ತಲೆ ಮೇಲೆ ಚೀಲ ಮುಚ್ಚಿಕೊಂಡು ಮನೆಗೆ ಬರಬೇಕಿತ್ತು.

ಹೇಳಲಿಲ್ಲ. ಮಡಿಸಿ ಚೀಲಕ್ಕೆ ಹಾಕಿದ. ಅಂಗಡಿ ಅರ್ಧ ಮಾಡಿಕೊಂಡ, ಮೂರ್ಖ! ಯಾರು ಕೇಳಿದ್ದರು ಇವನ ಉಪಕಾರ?

ಜುಲೈ ೨

ಹೋದೆ. ಬನಿಯನ್ ಅಂಗಡಿಯ ತಿರುವಿನವರೆಗೆ. ಚಪ್ಪಲಿ ಉಂಗುಷ್ಟ ಕಿತ್ತಂತೆ ಆಯಿತು, ವಾಪಸ್ ಬಂದೆ. ಕಿತ್ತಿರಲಿಲ್ಲ.

ಜುಲೈ ೩

"ಇವತ್ತು ಯಾವುದು ಕಿತ್ತಿತು?" ಎಂದು ತಮ್ಮ ಕೇಳಿದ. ದೊಡ್ಡವರಿಗೆ ಮರ್ಯಾದೆ ಕೊಡುವುದು ಈ ಮನೆಯಲ್ಲಿ ಅಪ್ಪನ ಜೊತೆಗೇ ಹೋಯಿತು.

ಜುಲೈ ೫, ಮಧ್ಯಾಹ್ನ

ಮೊದಲು ಹೋಟೆಲಿಗೆ ಹೋದೆ. ಬರಿಗೈಯಲ್ಲಿ ಬನಿಯನ್ ಎದುರು ನಿಲ್ಲುವುದು ಬೇಡ, ಆರ್ಡರ್ ಹಿಡಿದುಕೊಂಡೇ ಹೋಗೋಣ ಎಂದು. ಎಂಥ ಲೆಕ್ಕಾಚಾರ!

ಸಪ್ಲೈಯರುಗಳ ಮೈಮೇಲೆ ಆಗಲೇ ಹೊಸ ಟೀ ಶರ್ಟು. ಕೆಂಪು. ಬೆವರಿದವರ ಕತ್ತೂ ಕೆಂಪು. ಒಬ್ಬ ಬಗ್ಗಿ ಮೇಜು ಒರೆಸಿದರೆ ಮೇಜಿನ ಬಿಳಿ ಹಾಸಿನ ಮೇಲೆ ಅವನ ತೋಳಿನ ಗುರುತು.

ಮ್ಯಾನೇಜರಿಗೆ ಎಲ್ಲ ಹೇಳಿದೆ. ಅಟ್ಟಿ, ಮೇಲು, ಕೆಳಗು, ಸ್ಟಿಕ್ಕರ್. ಹೇಳುತ್ತ ಹೋದಂತೆ ಕಥೆ ನನಗೇ ಸುಳ್ಳಿನ ಹಾಗೆ ಕೇಳಿಸಿತು.

"ಅವತ್ತು ಕಳಪೆ ಅಂದ್ರಿ. ಇವತ್ತು ಅಪ್ಪಟ ಅಂತೀರಿ. ನಾಳೆ ಬಂದು ಏನಂತೀರೋ?"

"ನನ್ನ ಕಪಾಟು ಬಂದು ನೋಡಿ ಸಾರ್."

"ನಿಮ್ಮ ಕಪಾಟು ನೋಡೋಕೆ ನನಗೆ ಯಾರೂ ಸಂಬಳ ಕೊಡಲ್ಲ. ವರ್ಷಕ್ಕಾಗುವಷ್ಟು ತಗೊಂಡಾಯ್ತು. ದಾರಿ ಬಿಡಿ, ಬಿಸಿ ಬಿಸಿ ಬರ್ತಿದೆ."

"ಬಣ್ಣ ಬಿಡ್ತಿದೆ."

"ಒಗೆದ್ರೆ ಸರಿಹೋಗುತ್ತೆ."

"ಒಗೆದ್ರೆ ಗುಲಾಬಿ ಆಗುತ್ತೆ. ನಿಮ್ಮ ಬಿಳಿ ಹಾಸೂ ಗುಲಾಬಿ ಆಗುತ್ತೆ. ಆಮೇಲೆ ಎಲ್ಲಾ ಮ್ಯಾಚಿಂಗ್."

ಇದೇ ನನ್ನ ನಾಲಿಗೆ. ಕೈ ಮುಗಿಯಲು ಹೋದವನು ಇದನ್ನು ಹೇಳಿ ಬಂದೆ. ಆರ್ಡರ್ ಇಲ್ಲ. ಮುಂದಿನ ವರ್ಷಕ್ಕೂ ಇಲ್ಲ.

ಜುಲೈ ೬

ಬರಿಗೈಯಲ್ಲೇ ಹೋದೆ.

ಪ್ಲೈವುಡ್‌ಗೆ ಇನ್ನೂ ಬಣ್ಣ ಹೊಡೆದಿಲ್ಲ. ಆ ಕಡೆ ಮೊಬೈಲ್ ಕವರುಗಳು ಮಿಣಮಿಣ. ಈ ಕಡೆ ಅವನು, ಮೊಣಕಾಲೆತ್ತರದ ಸ್ಟೂಲ್ ಮೇಲೆ, ಎರಡು ರ‍್ಯಾಕುಗಳ ನಡುವೆ ಸಿಕ್ಕಿಕೊಂಡ ಮೂಟೆಯ ಹಾಗೆ. ನನ್ನ ಕಡೆ ನೋಡಿದ. ಎದ್ದ.

"ಬನ್ನಿ. ಏನು ಬೇಕಿತ್ತು ನಿಮಗೆ?"

ಬನ್ನಿ. ನಿಮಗೆ. ಗೋಲಿ ಆಡುವಾಗ ನನ್ನ ಕಿವಿ ಹಿಂಡಿದವನು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅದಕ್ಕೆ ಸಿದ್ಧವಾಗಿಯೇ ಹೋಗಿದ್ದೆ.

ಹೇಳಿದೆ. "ತಪ್ಪು ನಂದು. ಕೆಳಗಿಂದನ್ನ ನಾವು ಹಾಕೇ ಇರಲಿಲ್ಲ. ನಿನಗೆ ಅವತ್ತೇ ಗೊತ್ತಾಗಿತ್ತು ಅಲ್ವಾ?"

ಅವನು ಪೆಟ್ಟಿಗೆಯ ಮುಚ್ಚಳ ಸರಿಮಾಡಿದ.

"ಟೀ ಶರ್ಟಾ, ಬನಿಯನ್ನಾ? ಯಾವ ಸೈಜು ಕೊಡಲಿ?"

"ಹೋಟೆಲಿಗೂ ಹೋಗಿದ್ದೆ..."

"ಗೊತ್ತಾಯ್ತು. ಸೈಜು ಹೇಳಿ."

ಬಾಯಿಗೆ ಬಂದ ಸೈಜು ಹೇಳಿದೆ. ಕಾಗದದಲ್ಲಿ ಸುತ್ತಿ ಕೊಟ್ಟ. ಬನಿಯನ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ. ತಮ್ಮನ ಮಗನಿಗೂ ದೊಡ್ಡದಾಗುತ್ತದೆ.

ಜುಲೈ ೨೧

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿದೆ? ಒಗೆದದ್ದನ್ನು ಈಗ ಅಟ್ಟಿಯ ಕೆಳಗೆ ತುರುಕುತ್ತೇನೆ. ಎಲ್ಲರ ಮೈಮೇಲೂ ಹೊಸದು. ತಮ್ಮನ ಮಗ ಗಾಜಿನ ಅಂಗಡಿಯ ಗೊಂಬೆಯ ಹಾಗೆ ಓಡಾಡುತ್ತಾನೆ. ನೋಡಿದಾಗಲೆಲ್ಲ ನನಗೆ ಮೈ ಕೆರೆಯುತ್ತದೆ.

ಸಂಜೆಯ ಟೀ ಹೊತ್ತಿಗೆ ನಾನೇ ಬನಿಯನ್ ಅಂಗಡಿಗೆ ಹೋಗಿ ಕೂರುತ್ತೇನೆ. ಅವನು "ಏನು ಬೇಕಿತ್ತು?" ಎನ್ನುತ್ತಾನೆ, ನಾನು "ಏನೂ ಇಲ್ಲ" ಎನ್ನುತ್ತೇನೆ, ಗಿರಾಕಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂರುತ್ತೇನೆ. ಓಡಿಸುವುದಿಲ್ಲ. ಟೀ ತರಿಸುತ್ತಾನೆ, ಒಂದೇ ಲೋಟ, ತನಗೆ. ಅದನ್ನು ನನ್ನೆದುರೇ ಸದ್ದು ಮಾಡಿಕೊಂಡು ಕುಡಿಯುತ್ತಾನೆ. ಹಠ ಎಂದರೆ ಇವನದು. ನನ್ನದು ಕಡಿಮೆಯೇನಲ್ಲ, ಮರುದಿನ ಮತ್ತೆ ಹೋಗುತ್ತೇನೆ.

ಇವತ್ತು ಒಬ್ಬ ಬಂದ. ಬಡಗಿ ಇರಬೇಕು, ಕಿವಿಯ ಮೇಲೆ ಪೆನ್ಸಿಲ್, ರೆಪ್ಪೆಯ ಮೇಲೆ ಮರದ 
ಪುಡಿ. ಬೂದು ಟೀ ಶರ್ಟನ್ನು ಎಳೆದೆಳೆದು ನೋಡಿದ.

"ಬಾಳಿಕೆ ಬರುತ್ತೇನ್ರಿ? ಹೋದ ಸಲ ಬೇರೆ ಕಡೆ ತಗೊಂಡೆ, ಎರಡು ತಿಂಗಳಿಗೆ ಜರಡಿ."

ಬನಿಯನ್ ಕತ್ತು ಎತ್ತಲಿಲ್ಲ. ಬೆರಳು ಮಾತ್ರ ನನ್ನ ಕಡೆ ತೋರಿಸಿದ.

"ಅಲ್ಲಿ ಕೂತಿದ್ದಾರಲ್ಲ, ಅವರನ್ನೇ ಕೇಳಿ. ನನ್ನ ಮಾಲಿನ ವಿಷಯ ನಾಲ್ಕು ಜನರ ಮುಂದೆ ಅವರು ಬಹಳ ಚೆನ್ನಾಗಿ ಹೇಳ್ತಾರೆ."

ಚುಚ್ಚಿದ. ಬೇಕಾದ ಜಾಗಕ್ಕೇ ಚುಚ್ಚಿದ. ಬಡಗಿ ನನ್ನ ಕಡೆ ತಿರುಗಿ ಕಾದ.

ಹೇಳಿದೆ. ಏನೂ ಮುಚ್ಚಲಿಲ್ಲ. ನಾಲ್ಕು ಶರ್ಟನ್ನೇ ವರ್ಷಗಟ್ಟಲೆ ಹಿಂಡಿದ್ದು, ಕೆಳಗಿನವಕ್ಕೆ ಸ್ಟಿಕ್ಕರ್ ಸಮೇತ ಸನ್ಯಾಸ ಕೊಟ್ಟಿದ್ದು, ಹರಿದದ್ದನ್ನು ತಂದು ಇಲ್ಲೇ, ಇದೇ ಗಲ್ಲೆಯ ಮೇಲೆ ಎಸೆದು, ಕಳ್ಳನಲ್ಲದವನನ್ನು ಕಳ್ಳ ಎಂದದ್ದು. ಬಡಗಿ ಮೊದಲು ಮುಗುಳ್ನಕ್ಕ. ಆಮೇಲೆ ಬಾಯಿಬಿಟ್ಟು ನಕ್ಕ. ಪ್ಲೈವುಡ್ ಆಚೆ ಮೊಬೈಲ್ ಕವರಿನವನೂ ನಕ್ಕದ್ದು ಕೇಳಿಸಿತು.

"ಅಯ್ಯೋ, ಮೂರು ಜನಕ್ಕೂ ಗೊತ್ತಾಗಲಿಲ್ವಾ?"

"ಮೂರು ಜನಕ್ಕೂ. ಮನೆತನದ ಬುದ್ಧಿ."

ಬಾಳಿಸುವುದು ಹೇಗೆ ಎಂದು ಕೇಳಿದ. ಅದನ್ನೂ ಹೇಳಿದೆ, ಈಗ ನಾನೇ ಒಗೆಯುವವನಲ್ಲವೇ. ಒಗೆದದ್ದು ಕೆಳಗೆ ಹೋಗಲಿ, ಒಂದಕ್ಕೇ ದುಡಿಮೆ ಬೀಳದಿರಲಿ. ತಣ್ಣೀರು ಸಾಕು. ಒಳಮೈ ಹೊರಗಿರಲಿ. ಬೆಂಚಿಗೆ ಹೊಟ್ಟೆ ಒತ್ತಿ ನಿಲ್ಲುವ ಕೆಲಸವಾದರೆ ಮುಂದೆ ಒಂದು ಗೋಣಿ ಕಟ್ಟಿಕೋ. ಅವನು ತಲೆಯಾಡಿಸಿದ. ಎರಡು ತೆಗೆದುಕೊಂಡ. ಒಂದನ್ನು ನೋಡಿ ಮತ್ತೊಂದು ತೆಗೆದುಕೊಂಡ.

ಬನಿಯನ್ ಕಾಗದ ಹರಿದು ಸುತ್ತುತ್ತಿದ್ದ. ದಾರ ಕಟ್ಟಿದ. ಕಟ್ಟಿದ ಗಂಟನ್ನು ಹಲ್ಲಿನಿಂದ ಬಿಗಿದ. ಆಮೇಲೆ ತಲೆ ಎತ್ತಿದ, ಸೀದಾ ನನ್ನ ಮುಖಕ್ಕೆ.

"ಬಿಸಿಲಿಗೆ ಒಣಹಾಕಬಾರದು ಅಂತ ಯಾರು ಹೇಳ್ತಾರೆ, ನಿಮ್ಮ ತಾತಾನಾ? ಒಗೆಯೋದು ಕಲಿತುಬಿಟ್ಟನಂತೆ ದೊಡ್ಡ ಮನುಷ್ಯ. ನೆರಳಲ್ಲಿ ಒಣಗಿಸದೆ ಇದ್ರೆ ಬಣ್ಣ ಇರುತ್ತೇನೋ ಮುಠ್ಠಾಳ?"

ಸಿಟ್ಟು ತಲೆಗೆ ಏರಿತು ನನಗೆ. ನೆರಳಂತೆ! ಹೊಗೆ, ವಾರ್ನಿಷ್, ಮೂರು ಗಂಡಸರ ಬೆವರು ನೆರಳಿಗೆ ಹೋಗುತ್ತದೆಯೇ? ಅರ್ಧ ಅಂಗಡಿಯಲ್ಲಿ ಕೂತು ಪೂರ್ತಿ ಅಧಿಕಪ್ರಸಂಗ. ಎದ್ದು ಗಲ್ಲೆಯ ಹತ್ತಿರ ಹೋದೆ.

"ನೆರಳಲ್ಲಿ ಒಣಗಿಸಿದ ಬಟ್ಟೆ ಒದ್ದೆ ನಾಯಿಯ ಹಾಗೆ ನಾರುತ್ತೆ ಕಣೋ. ಮೂಗಿದೆಯಾ ನಿನಗೆ, ಇಲ್ಲ ಅದನ್ನೂ ಬಾಡಿಗೆಗೆ ಕೊಟ್ಟಿದ್ದೀಯಾ?"

ಬಡಗಿ ಪೊಟ್ಟಣ ಹಿಡಿದು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತ ನಿಂತ. ಬನಿಯನ್ ಸ್ಟೂಲನ್ನು ಕಾಲಲ್ಲಿ ತಳ್ಳಿ ಎದ್ದ. ರ‍್ಯಾಕಿನಿಂದ ಒಂದು ಶರ್ಟು ಎಳೆದು ನನ್ನ ಮೂಗಿಗೇ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಮೂಸಿ ನೋಡೋ ಕಾಯಿಲ್!"